ದಿಂಬಿನ ವಿಷಯ

ಆಪರೇಷನ್ ಆದ ರಾತ್ರಿ ಮೂರು ಗಂಟೆ ಹೊತ್ತಿಗೆ ನನ್ನ ಮೂತ್ರ ಹಸಿರಾಗಿ ಬಂತು. ಮಕ್ಕಳು ಬಣ್ಣದ ಕುಂಚ ಅದ್ದಿ ತೊಳೆದ ನೀರು ಇರುತ್ತಲ್ಲ, ಆ ಥರ. ನೀಲಿಗೆ ಹತ್ತಿರದ ಹಸಿರು. ಒಂದು ಕೈಯಲ್ಲಿ ಬಾತ್‌ರೂಮಿನ ಗೋಡೆ ಹಿಡಿದು ನಿಂತಿದ್ದೆ. ಎದೆಯ ಎಡಭಾಗಕ್ಕೆ ದಪ್ಪ ಬ್ಯಾಂಡೇಜು, ಅದರೊಳಗಿಂದ ಇಳಿಬಿದ್ದ ಎರಡು ಕೊಳವೆ, ಕೊಳವೆಗಳ ತುದಿಯಲ್ಲಿ ಎರಡು ಪ್ಲಾಸ್ಟಿಕ್ ಬುರುಡೆ. ಸರಿ, ಈಗ ಕಿಡ್ನಿಯೂ ಹೋಯಿತು ಅಂದುಕೊಂಡೆ. ವಿಚಿತ್ರ ಅಂದರೆ ಆ ಕ್ಷಣ ನನಗೆ ಭಯಕ್ಕಿಂತ ಬೇಜಾರು ಜಾಸ್ತಿ ಆಯಿತು. ಮತ್ತೆ ಇನ್ನೊಂದು ಡಾಕ್ಟರು, ಮತ್ತೆ ಇನ್ನೊಂದು ಫೈಲು.

ಹೊರಗೆ ಬಂದಾಗ ಪಕ್ಕದ ಮಂಚದವರು ಎಚ್ಚರವಾಗಿದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಹೆಸರು ಕೂಡ ಗೊತ್ತಿರಲಿಲ್ಲ. ನನ್ನ ಮುಖ ನೋಡಿ, "ಹಸಿರು ಬಂತಾ?" ಅಂದರು.

ತಲೆ ಆಡಿಸಿದೆ.

"ನಂಗೂ ಬಂದಿತ್ತು ಕಣೆ. ಆ ನೀಲಿ ಬಣ್ಣ ಚುಚ್ಚಿರ್ತಾರಲ್ಲ, ಅದು. ಇನ್ನೊಂದು ದಿನದಲ್ಲಿ ಹೋಗುತ್ತೆ. ಹೋಗು, ಮಲ್ಕೋ. ಎಡಗೈ ಕೆಳಗೆ ದಿಂಬು ಇಟ್ಕೊಂಡು ಮಲ್ಕೋ."

ಆ ಎರಡು ಮಾತು ಹೇಳಿ ಅವರು ಆ ಕಡೆ ತಿರುಗಿದರು. ನಾನು ಮಲಗಿದೆ. ದಿಂಬು ಇಟ್ಟುಕೊಂಡೆ. ಅದುವರೆಗೆ ಕಂಕುಳಲ್ಲಿ ಯಾರೋ ಹಗ್ಗ ಕಟ್ಟಿ ಎಳೆಯುತ್ತಿದ್ದ ಹಾಗಿತ್ತು. ತೋಳು ಎತ್ತರಕ್ಕೆ ಬಂದ ಕೂಡಲೇ ಅದು ಅರ್ಧಕ್ಕೆ ಇಳಿಯಿತು.

ಬಣ್ಣದ ಕಥೆ ಇಷ್ಟು. ಕ್ಯಾನ್ಸರ್ ಸ್ತನದಿಂದ ಆಚೆ ಹೊರಟರೆ ಸಾಮಾನ್ಯವಾಗಿ ಮೊದಲು ಕಂಕುಳಿನ ಲಿಂಫ್ ಗಂಟುಗಳಿಗೆ ಹೋಗುತ್ತದೆ. ಹೋಗಿದೆಯೋ ಇಲ್ಲವೋ ನೋಡಲು ಸರ್ಜನ್ ಸ್ತನಕ್ಕೆ ಬಣ್ಣ ಚುಚ್ಚುತ್ತಾರೆ. ಆ ಬಣ್ಣ ಯಾವ ಗಂಟಿಗೆ ಮೊದಲು ತಲುಪುತ್ತದೋ ಅದು ಸೆಂಟಿನೆಲ್ ನೋಡ್, ಅಂದರೆ ಕಾವಲುಗಾರ. ಅದನ್ನು ತೆಗೆದು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಏನೂ ಇಲ್ಲದಿದ್ದರೆ ಉಳಿದ ಗಂಟುಗಳನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ. ನನ್ನ ಕಾವಲುಗಾರ ನಿದ್ದೆ ಹೊಡೆದಿದ್ದ. ಹಾಗಾಗಿ ಕಂಕುಳೂ ಖಾಲಿಯಾಯಿತು. ಕೆಲಸ ಮುಗಿಸಿದ ಬಣ್ಣ ಮೂತ್ರದಲ್ಲಿ ಹೊರಟಿತು, ಅಷ್ಟೇ.

ಇದನ್ನು ನನಗೆ ಯಾರೋ ಮೊದಲೇ ಹೇಳಿರಲೂಬಹುದು. ನಾನು ಸಹಿ ಹಾಕಿದ ಕಾಗದಗಳಲ್ಲಿ ಎಲ್ಲೋ ಇದ್ದಿರಲೂಬಹುದು. ಆದರೆ ಆ ವಾರದಲ್ಲಿ ನನ್ನ ಕಿವಿಗೆ ಬಿದ್ದದ್ದರಲ್ಲಿ ಹತ್ತರಲ್ಲಿ ಒಂದೂ ತಲೆಗೆ ಹೋಗಿರಲಿಲ್ಲ. ಡಾಕ್ಟರು ಮೂತ್ರದ ಬಣ್ಣವನ್ನು ಎರಡು ಸಲ ಹೇಳುವುದಿಲ್ಲ, ಯಾಕೆಂದರೆ ಅದರಿಂದ ಯಾರೂ ಸಾಯುವುದಿಲ್ಲ. ರಾತ್ರಿ ಮೂರು ಗಂಟೆಗೆ ಅದು ಎಷ್ಟು ದೊಡ್ಡ ವಿಷಯ ಅಂತ ಆ ಬಾತ್‌ರೂಮಿನಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಅವರನ್ನು ನಾನು ಅಕ್ಕ ಅಂತ ಕರೆಯತೊಡಗಿದೆ. ಅಕ್ಕನಿಗೆ ಇದು ಎರಡನೇ ಸಲ. ಆರು ವರ್ಷದ ಹಿಂದೆ ಎಡಗಡೆ, ಈಗ ಬಲಗಡೆ. "ಸರಿಸಮ ಆಯ್ತು ಬಿಡು," ಅಂತ ಅವರೇ ನಕ್ಕರು. ನನಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಮರುದಿನ ನಕ್ಕೆ.

ನಾನು ವೃತ್ತಿಯಿಂದ ಲೆಕ್ಕ ಬರೆಯುವವಳು. ಅಂಕಿ ಕಂಡರೆ ಸಮಾಧಾನ. ಹಾಗಾಗಿ ಡ್ರೈನ್‌ನ ವಿಷಯ ನನಗೆ ಬೇಗ ಹತ್ತಿತು. ಗಾಯದ ಒಳಗೆ ಸೇರುವ ನೀರನ್ನು ಆ ಕೊಳವೆಗಳು ಎಳೆದು ಬುರುಡೆಗೆ ತರುತ್ತವೆ. ದಿನಕ್ಕೆ ಎರಡು ಸಲ ಖಾಲಿ ಮಾಡಿ, ಎಷ್ಟು ಎಂಎಲ್ ಅಂತ ಬರೆದಿಡಬೇಕು. ದಿನಕ್ಕೆ 30 ಎಂಎಲ್‌ಗಿಂತ ಕೆಳಗೆ ಬಂದು ಅಲ್ಲೇ ನಿಂತರೆ ತೆಗೆಯುತ್ತಾರೆ ಅಂದಿದ್ದರು. ಮನೆಗೆ ಕಳಿಸುವ ದಿನ ಇದನ್ನೆಲ್ಲ ವಿವರಿಸಿದ್ದು ನನ್ನ ಗಂಡನಿಗೆ. ನಾನು ಅಲ್ಲೇ ಮಂಚದ ಮೇಲೆ ಕೂತಿದ್ದೆ. ನನ್ನ ತಲೆಯ ಮೇಲಿನಿಂದ ಮಾತು ಹೋಗಿ ಅವರಿಗೆ ಮುಟ್ಟುತ್ತಿತ್ತು. ಪಾಪ, ಅವರು ಎಲ್ಲಕ್ಕೂ ಹೂಂ ಅಂದರು. ಮನೆಗೆ ಬಂದ ಮೇಲೆ ಕೇಳಿದರೆ ಒಂದೂ ನೆನಪಿಲ್ಲ.

ಅಕ್ಕ ಹೇಳಿದ್ದು ಮಾತ್ರ ಪೂರ್ತಿ ನೆನಪಿತ್ತು. ಬುರುಡೆಯನ್ನು ಹಿಂಡಿ, ಗಾಳಿಯೆಲ್ಲ ಹೋದ ಮೇಲೆ, ಹಿಂಡಿಕೊಂಡೇ ಮುಚ್ಚಳ ಹಾಕಬೇಕು. ಉಬ್ಬಿದ ಬುರುಡೆ ಏನನ್ನೂ ಎಳೆಯುವುದಿಲ್ಲ, ಸುಮ್ನೆ ನೇತಾಡುತ್ತದೆ. ಕೊಳವೆಯಲ್ಲಿ ರಕ್ತದ ಎಳೆ ಕಟ್ಟಿಕೊಂಡರೆ, ಮೇಲುಗಡೆ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಿಂದ ಕೆಳಗೆ ಜಾರಿಸಬೇಕು. ಮೇಲೆ ಹಿಡಿಯದೆ ಎಳೆದರೆ ಹೊಲಿಗೆ ಹತ್ತಿರ ಪ್ರಾಣ ಹೋಗುತ್ತದೆ. ತಿಂಗಳುಗಟ್ಟಲೆ ಮುಂದೆ ಗುಂಡಿ ಇರುವ ಅಂಗಿಯೇ ಹಾಕಬೇಕು, ತಲೆ ಮೇಲಿಂದ ಹಾಕುವುದನ್ನೆಲ್ಲ ಬೀರುವಿನ ಹಿಂದಕ್ಕೆ ತಳ್ಳಿಬಿಡಬೇಕು. ಏಳುವಾಗ ನೇರ ಏಳಬಾರದು. ಆಪರೇಷನ್ ಆಗದ ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕಾಲಿನ ಭಾರಕ್ಕೇ ಮೈ ಏಳುವ ಹಾಗೆ ಮಾಡಬೇಕು. ಕಾರಿನಲ್ಲಿ ಕೂತರೆ ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ ಒಂದು ಚಿಕ್ಕ ದಿಂಬು.

ಜೊತೆಗೆ ಒಂದು ಚೀಲ ಕೊಟ್ಟರು. ಹಳೆಯ ನೈಟಿಯ ಬಟ್ಟೆಯಲ್ಲಿ ಹೊಲಿದದ್ದು. ಎರಡು ಜೇಬು, ಕುತ್ತಿಗೆಗೆ ಹಾಕಿಕೊಳ್ಳಲು ಉದ್ದನೆಯ ಲಾಡಿ. ಜೇಬಿಗೊಂದು ಬುರುಡೆ. ಮೊದಲ ಸಲ ಆಸ್ಪತ್ರೆಯಲ್ಲಿ ಪಿನ್ನು ಹಾಕಿ ಅಂಗಿಗೆ ಸಿಕ್ಕಿಸಿದ್ದರಂತೆ, ಸ್ನಾನಕ್ಕೆ ಹೋದಾಗ ಅಂಗಿ ಬಿಚ್ಚಿದರೆ ಬುರುಡೆ ಎಲ್ಲಿ ಇಡೋದು? ಕೈಯಲ್ಲಿ ಹಿಡಿದರೆ ನೀರು ಯಾರು ಹಾಕೋದು? ಆ ಸಿಟ್ಟಿಗೆ ಹೊಲಿದ ಚೀಲ ಅದು. ಈ ಸಲ ಬರುವಾಗ ನಾಲ್ಕು ಹೊಲಿದು ತಂದಿದ್ದರು. ಒಂದು ತಮಗೆ, ಮೂರು "ಯಾರಿಗಾದ್ರೂ ಬೇಕಾಗುತ್ತೆ" ಅಂತ.

ನನ್ನ ಡೈರಿಯಲ್ಲಿ ಆ ಪುಟ ಇನ್ನೂ ಇದೆ. 110, 95, 70, 55, 60, 40, 35, 28, 25. ಐದನೇ ದಿನ ಅಂಕಿ ಮೇಲಕ್ಕೆ ಹೋಗಿದ್ದನ್ನು ನೋಡಿ ಕಣ್ಣೀರು ಹಾಕಿದ್ದೆ. ಅಕ್ಕನಿಗೆ ಫೋನ್ ಮಾಡಿದರೆ, "ನಿನ್ನೆ ಕೈ ಜಾಸ್ತಿ ಆಡಿಸಿದ್ಯಾ?" ಅಂದರು. ಕಪಾಟು ಒರೆಸಿದ್ದೆ.

ಕನ್ನಡಿಯ ವಿಷಯಕ್ಕೆ ಬರುತ್ತೇನೆ. ಬ್ಯಾಂಡೇಜ್ ತೆಗೆದ ಮೇಲೂ ಹತ್ತು ದಿನ ನಾನು ನೋಡಿಕೊಳ್ಳಲಿಲ್ಲ. ಗಾಯಕ್ಕೆ ಔಷಧಿ ಹಚ್ಚುವಾಗ ಮೇಲೆ ಛಾವಣಿ ನೋಡುತ್ತಿದ್ದೆ. ಮನೆಯವರಿಗೆ ಹೇಳಿಕೊಳ್ಳಲು ಆಗಲಿಲ್ಲ, ಅವರೆಲ್ಲ "ಜೀವ ಉಳೀತಲ್ಲ, ಅದು ಮುಖ್ಯ" ಅನ್ನುತ್ತಿದ್ದರು. ನಿಜವೇ. ಆದರೆ ನಿಜ ಅನ್ನುವುದು ಕೆಲವೊಮ್ಮೆ ಬಾಯಿ ಮುಚ್ಚಿಸುವುದಕ್ಕೂ ಬಳಕೆಯಾಗುತ್ತದೆ. ಅಕ್ಕ ಹಾಗೆ ಹೇಳಲಿಲ್ಲ. "ಮೊದಲು ಬೆರಳಿಂದ ನೋಡು, ಆಮೇಲೆ ಕಣ್ಣಿಂದ. ದೀಪ ಆರಿಸಿ ನೋಡು. ಎಲ್ಲಿ ಉಬ್ಬು, ಎಲ್ಲಿ ತಗ್ಗು, ಬೆರಳಿಗೆ ಗೊತ್ತಾದ್ಮೇಲೆ ಕಣ್ಣು ಅಷ್ಟು ಹೆದರಲ್ಲ," ಅಂದರು. ಹಾಗೇ ಮಾಡಿದೆ. ಮೂರು ರಾತ್ರಿ ಬೆರಳು, ನಾಲ್ಕನೇ ದಿನ ಬೆಳಗ್ಗೆ ಕನ್ನಡಿ. ಅತ್ತುಬಿಟ್ಟೆ. ಆದರೆ ಬೆಚ್ಚಿಬೀಳಲಿಲ್ಲ. ಅಲ್ಲಿ ಏನಿದೆ ಅಂತ ನನಗೆ ಆಗಲೇ ಗೊತ್ತಿತ್ತು.

ಇನ್ನೊಂದು ವಿಷಯ ಕೇಳಲು ನಾಚಿಕೆಯಾಗಿ ಎರಡು ವಾರ ತಡೆದಿದ್ದೆ. ಇಲ್ಲದ ಸ್ತನದ ತೊಟ್ಟು ತುರಿಸುತ್ತಿತ್ತು. ಹುಚ್ಚು ಹಿಡಿಯುವ ಹಾಗೆ. ಕೆರೆಯಲು ಕೈ ಹೋದರೆ ಅಲ್ಲಿ ಚರ್ಮ ಮರಗಟ್ಟಿದೆ, ಕೆರೆದದ್ದು ಗೊತ್ತೇ ಆಗುವುದಿಲ್ಲ. ಕೊನೆಗೆ ಕೇಳಿದೆ. ಅಕ್ಕ ಎಷ್ಟು ಜೋರಾಗಿ ನಕ್ಕರು ಅಂದರೆ ಫೋನು ಕಿವಿಯಿಂದ ದೂರ ಹಿಡಿದೆ. "ನಂಗೆ ಆರು ವರ್ಷದಿಂದ ಆಗಾಗ ತುರಿಸುತ್ತೆ ಕಣೆ! ನಾನೊಬ್ಳೇ ಅಂದ್ಕೊಂಡಿದ್ದೆ!" ಕತ್ತರಿಸಿದ ನರಗಳು ಹಳೆಯ ವಿಳಾಸಕ್ಕೇ ಸುದ್ದಿ ಕಳಿಸುತ್ತಿರುತ್ತವೆ ಅಂತ ಆಮೇಲೆ ಡಾಕ್ಟರು ವಿವರಿಸಿದರು. ಅಕ್ಕ ಆರು ವರ್ಷ ಯಾರನ್ನೂ ಕೇಳಿರಲಿಲ್ಲ.

ಕೀಮೋ ಶುರುವಾದ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ವಾಂತಿ ತಡೆಯಲು, ಅಲರ್ಜಿ ತಡೆಯಲು ಕೊಡುವ ಸ್ಟೀರಾಯ್ಡ್ ರಾತ್ರಿಯಿಡೀ ಕಣ್ಣು ತೆರೆದಿಡುತ್ತದೆ. ಆ ರಾತ್ರಿಗಳಲ್ಲಿ ಓದಿದ್ದು ಟೆರೀಸ್ ಲ್ಯಾಸರ್ ಅವರ ಬಗ್ಗೆ. ನ್ಯೂಯಾರ್ಕಿನವರು. 1952ರಲ್ಲಿ ಅವರ ಸ್ತನ ತೆಗೆದರು. ಆಗಿನ ಆಪರೇಷನ್ ಈಗಿನದಲ್ಲ. ಹಾಲ್‌ಸ್ಟೆಡ್ ಅನ್ನುವ ಸರ್ಜನ್ 19ನೇ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ವಿಧಾನ. ಸ್ತನದ ಜೊತೆಗೆ ಅದರ ಹಿಂದಿನ ಎದೆಯ ಮಾಂಸಖಂಡ, ಕಂಕುಳಿನ ಗಂಟು, ಎಲ್ಲ ಹೋಗುತ್ತಿತ್ತು. ಆಮೇಲೆ ಕೈ ಎತ್ತುವುದು ಹೇಗೆ, ಎದೆಯ ಖಾಲಿ ಜಾಗಕ್ಕೆ ಏನು ತುಂಬುವುದು ಅಂತ ಲ್ಯಾಸರ್‌ಗೆ ಹೇಳುವವರು ಇರಲಿಲ್ಲ. ತಾನೇ ಕಂಡುಕೊಂಡರು. ಕಂಡುಕೊಂಡು ಸುಮ್ಮನೆ ಕೂರಲಿಲ್ಲ. ಬೇರೆ ಹೆಂಗಸರ ಮಂಚದ ಪಕ್ಕ ಹೋಗಿ ನಿಂತರು. ಕೈಗೆ ವ್ಯಾಯಾಮ ಮಾಡಲು ದಾರ ಕಟ್ಟಿದ ಒಂದು ರಬ್ಬರ್ ಚೆಂಡು, ಒಂದು ಹಗ್ಗ, ಒಳಗೆ ಇಟ್ಟುಕೊಳ್ಳಲು ಒಂದು ಮೆತ್ತನೆಯ ತಾತ್ಕಾಲಿಕ ಸ್ತನ, ಇವು ಅವರ ಸಾಮಾನು. ಕೆಲವು ಸರ್ಜನ್‌ಗಳಿಗೆ ಇದು ಸರಿಬರಲಿಲ್ಲ. ರೋಗಿಗೆ ಹೇಳಬೇಕಾದ್ದನ್ನು ಇನ್ನೊಬ್ಬ ರೋಗಿ ಹೇಳುವುದೇ? ಆದರೂ ಅವರು ಶುರುಮಾಡಿದ 'ರೀಚ್ ಟು ರಿಕವರಿ'ಯನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ತನ್ನದಾಗಿಸಿಕೊಂಡಿತು.

ಚೆಂಡು, ದಾರ, ಮೆತ್ತನೆಯ ಬಟ್ಟೆ. ನನ್ನ ಎರಡು ಜೇಬಿನ ಚೀಲ ಆಗ ಹಗ್ಗದ ಮೇಲೆ ಒಣಗುತ್ತಿತ್ತು. ಎದ್ದು ಹೋಗಿ ಒಮ್ಮೆ ಮುಟ್ಟಿ ಬಂದೆ.

ಇದೇ ಕಾಲದ ಇನ್ನೊಂದು ಕಥೆ ಇದೆ. ಸ್ತನ ಕ್ಯಾನ್ಸರ್ ಆದ ಹೆಂಗಸರ ಗುಂಪಿನ ಬಗ್ಗೆ ಒಂದು ದೊಡ್ಡ ಪತ್ರಿಕೆಗೆ ಜಾಹೀರಾತು ಕೊಡಲು ಹೋದರೆ, 'ಸ್ತನ' ಅಂತಲೂ 'ಕ್ಯಾನ್ಸರ್' ಅಂತಲೂ ಅಚ್ಚು ಹಾಕಲಾಗದು, ಎದೆಗೂಡಿನ ರೋಗಗಳು ಅಂತ ಬೇಕಾದರೆ ಹಾಕೋಣ ಅಂದರಂತೆ. ಓದಿ ನಗು ಬಂತು. ಆಮೇಲೆ ನೆನಪಾಯಿತು. ನಾನೂ ಆಫೀಸಿಗೆ ರಜೆ ಚೀಟಿ ಬರೆಯುವಾಗ 'ಎದೆಯ ಸಣ್ಣ ಆಪರೇಷನ್' ಅಂತಲೇ ಬರೆದಿದ್ದೆ. ಜೋರಾಗಿ 'ಸ್ತನ' ಅಂತ ನಾನು ಮೊದಲ ಸಲ ಹೇಳಿದ್ದು ಅಕ್ಕನ ಮುಂದೆ. ಅದೂ ಅದು ಹೋದ ಮೇಲೆ.

ಅಕ್ಕ ಕಲಿಸಿದ ಗೋಡೆ ಹತ್ತುವ ವ್ಯಾಯಾಮವೂ ಹಳೆಯದೇ. ಗೋಡೆಗೆ ಮುಖ ಮಾಡಿ ನಿಂತು, ಎರಡು ಬೆರಳಿಂದ ಇರುವೆ ಹತ್ತಿದ ಹಾಗೆ ಮೇಲಕ್ಕೆ ಹೋಗುವುದು. ಎಲ್ಲಿ ಬಿಗಿಯುತ್ತದೋ ಅಲ್ಲಿ ನಿಂತು, ಉಸಿರು ಬಿಟ್ಟು, ಇಳಿಯುವುದು. ನಾನು ಪೆನ್ಸಿಲಿನಿಂದ ಗುರುತು ಹಾಕಿ ತಾರೀಖು ಬರೆದೆ, ಮಕ್ಕಳ ಎತ್ತರ ಅಳೆಯುವ ಹಾಗೆ. ಮೊದಲ ಗುರುತು ನನ್ನ ಗಲ್ಲದ ಮಟ್ಟಕ್ಕೆ. ನಡುವೆ ಒಂದು ವಾರ ಕಂಕುಳಿಂದ ಮೊಣಕೈವರೆಗೆ ಚರ್ಮದಡಿ ತಂತಿ ಬಿಗಿದ ಹಾಗಾಗಿ ಗುರುತು ಕೆಳಕ್ಕೆ ಬಂತು. ಅದಕ್ಕೆ ಕಾರ್ಡಿಂಗ್ ಅನ್ನುತ್ತಾರೆ, ಫಿಸಿಯೋ ಮಾಡುವವರು ಬಿಡಿಸಿದರು. ಮೂರನೇ ತಿಂಗಳಿಗೆ ತಲೆಯ ಮೇಲೆ. ಮನೆಗೆ ಬಣ್ಣ ಹೊಡೆಸುವಾಗ ಆ ಗೋಡೆಯನ್ನು ಬಿಡಿ ಅಂದೆ.

ಅಕ್ಕ ನಮ್ಮ ಗುಂಪಿಗೆ ಸೇರಲಿಲ್ಲ. "ನಂಗೆ ಗುಂಪು ಆಗಲ್ಲ, ಒಬ್ಬೊಬ್ರೇ ಬನ್ನಿ," ಅಂದರು. ಗುಂಪು ಆಗಿದ್ದು ಕೀಮೋ ಕುರ್ಚಿಗಳಲ್ಲಿ. ಒಂದೇ ವಾರದ ದಿನ, ಅದೇ ಸಾಲು. ನಾನು, ಒಬ್ಬ ಟೈಲರ್, ಒಬ್ಬರು ನಿವೃತ್ತ ಟೀಚರ್, ಒಬ್ಬಳು ಬ್ಯಾಂಕಿನವಳು, ಮತ್ತೆ 29 ವರ್ಷದ ಒಬ್ಬಳು, ಅವಳನ್ನು ನಾವು ಚಿಕ್ಕವಳು ಅಂತಲೇ ಕರೆಯುತ್ತೇವೆ. ಟೀಚರ್ ಹೊರತು ನಮಗೆಲ್ಲ ಮೊದಲು ಕೆಂಪು ಬಣ್ಣದ ಒಂದು ಕೀಮೋ ಔಷಧಿ. ಮೂರು ವಾರಕ್ಕೊಮ್ಮೆ, ನಾಲ್ಕು ಸಲ. ಮರುದಿನ ಮೂತ್ರ ಕೆಂಪು. ಈ ಸಲ ನಾನು ಹೆದರಲಿಲ್ಲ, ಬದಲಿಗೆ ಚಿಕ್ಕವಳಿಗೆ ಹಿಂದಿನ ದಿನವೇ ಹೇಳಿದ್ದೆ. ನನ್ನ ಮೊದಲ ಉಪದೇಶ ಅದು. ಹೆಮ್ಮೆಯಾಯಿತು.

ಕೂದಲು ಹೋಗಿದ್ದು 17ನೇ ದಿನ. ಅದಕ್ಕೆ ಎರಡು ದಿನ ಮೊದಲು ನೆತ್ತಿ ನೋಯುತ್ತದೆ ಅಂತ ಟೈಲರ್ ಹೇಳಿದ್ದಳು, ಅವಳದ್ದು ನನಗಿಂತ ಒಂದು ಸುತ್ತು ಮುಂದಿತ್ತು. ಬಿಗಿಯಾಗಿ ಜುಟ್ಟು ಕಟ್ಟಿ ರಾತ್ರಿಯಿಡೀ ಮಲಗಿದ ಹಾಗೆ ನೋವು. ನೋವು ಶುರುವಾದ ದಿನ ಅವಳೇ ಮನೆಗೆ ಬಂದು ಟ್ರಿಮ್ಮರ್‌ನಲ್ಲಿ ತೆಗೆದಳು. ಬ್ಲೇಡ್ ಬೇಡ, ಗೀರಿದರೆ ಸೋಂಕು ಆಗುತ್ತೆ ಅಂತ ಅವಳ ಕಟ್ಟಪ್ಪಣೆ. ತಲೆ ಬೋಳಿಸುತ್ತಾ ತನ್ನ ಗಿರಾಕಿಗಳ ಬಗ್ಗೆ ದೂರು ಹೇಳಿದಳು. ಅಳತೆಗೆ ಒಂದು ಕೊಟ್ಟು, ಮೈ ಇನ್ನೊಂದು ತರುತ್ತಾರಂತೆ. ನನ್ನ ಕೂದಲ ಬಗ್ಗೆ ಒಂದು ಮಾತು ಇಲ್ಲ. ಅದಕ್ಕೆ ನಾನು ಅವಳಿಗೆ ಇವತ್ತಿಗೂ ಋಣಿ.

ಜ್ವರದ ಕಥೆ ಹೇಳಲೇಬೇಕು. ಎರಡನೇ ಸುತ್ತಿನ ಹತ್ತನೇ ದಿನ, ರಾತ್ರಿ ಹನ್ನೊಂದೂವರೆ. ಮೈ ಬಿಸಿ. ಥರ್ಮಾಮೀಟರ್ 101 ತೋರಿಸಿತು. 100.4 ದಾಟಿದರೆ ಎಷ್ಟು ಹೊತ್ತಾದರೂ ಆಸ್ಪತ್ರೆಗೆ ಬರಬೇಕು ಅಂತ ಹೇಳಿದ್ದರು. ಕೀಮೋ ಆದ ಒಂದರಿಂದ ಎರಡು ವಾರದೊಳಗೆ ಬಿಳಿ ರಕ್ತಕಣ ತಳ ಮುಟ್ಟಿರುತ್ತದೆ, ಸಣ್ಣ ಸೋಂಕು ಗಂಟೆಗಳಲ್ಲಿ ದೊಡ್ಡದಾಗಬಹುದು. ಎಲ್ಲ ಗೊತ್ತಿತ್ತು. ಆದರೂ ಬೆಳಗ್ಗೆ ನೋಡೋಣ ಅಂದುಕೊಂಡೆ. ಎಲ್ಲರೂ ಮಲಗಿದ್ದಾರೆ, ಯಾಕೆ ಎಬ್ಬಿಸುವುದು. ಸುಮ್ನೆ ಗುಂಪಿನಲ್ಲಿ ಬರೆದೆ, ಸ್ವಲ್ಪ ಜ್ವರ ಇದೆ ಅಂತ.

ಬ್ಯಾಂಕಿನವಳು: "ಥರ್ಮಾಮೀಟರ್ ಫೋಟೋ ಹಾಕಿ."

ಹಾಕಿದೆ.

"ಚಪ್ಪಲಿ ಹಾಕ್ಕೊಂಡ ಫೋಟೋ ಹಾಕಿ."

ನಾಲ್ಕು ದಿನ ಆಂಟಿಬಯೋಟಿಕ್ ಡ್ರಿಪ್ ಹಾಕಿದರು. ಬೆಳಗ್ಗೆವರೆಗೆ ಕಾಯದೆ ಬಂದದ್ದು ಒಳ್ಳೆಯದಾಯಿತು ಅಂತ ಡ್ಯೂಟಿ ಡಾಕ್ಟರು ಅಂದಾಗ, ನಾನು ಚಪ್ಪಲಿಯ ಕಥೆ ಹೇಳಲಿಲ್ಲ.

ಹಾಗಂತ ನಮ್ಮ ಗುಂಪು ಹೇಳಿದ್ದೆಲ್ಲ ಸರಿ ಅಂತಲ್ಲ. ಹೆಂಗಸರು ಸೇರಿದ ಕಡೆ ಔಷಧಿಯೂ ಹುಟ್ಟುತ್ತದೆ, ಗಾಳಿಸುದ್ದಿಯೂ ಹುಟ್ಟುತ್ತದೆ. ಗಂಡಸರು ಸೇರಿದ ಕಡೆಯೂ ಅಷ್ಟೇ ಬಿಡಿ. ಯಾರೋ ಯಾರಿಗೋ ಹೇಳಿದ ಒಂದು ಪುಡಿಯ ವಿಷಯ ಬಂತು. ಟೈಲರ್ ಅದನ್ನು ಕೀಮೋ ನಡುವೆ ಒಂದು ವಾರ ತೆಗೆದುಕೊಂಡಳು. ಲಿವರ್ ರಿಪೋರ್ಟ್ ಕೆಟ್ಟು ಒಂದು ಸುತ್ತು ಮುಂದಕ್ಕೆ ಹೋಯಿತು. ಆಮೇಲೆ ಚಿಕ್ಕವಳು ಟ್ಯಾಮಾಕ್ಸಿಫೆನ್ ಅನ್ನುವ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ನಿಲ್ಲಿಸಿಬಿಡ್ತೀನಿ ಅಂತ ಹೊರಟಳು. ಮೈಯೆಲ್ಲ ಕಾದು ಬೆವರುವುದು, ರಾತ್ರಿ ಮೂರು ಸಲ ಅಂಗಿ ಬದಲಿಸುವುದು, ಅದೆಲ್ಲ ನಿಜ. ಆದರೆ ಹಾರ್ಮೋನಿಗೆ ಸ್ಪಂದಿಸುವ ಗಡ್ಡೆ ಇದ್ದವರಲ್ಲಿ 5 ವರ್ಷ ಆ ಮಾತ್ರೆ ತೆಗೆದುಕೊಂಡರೆ, 15 ವರ್ಷದ ಲೆಕ್ಕದಲ್ಲಿ ಈ ರೋಗದಿಂದ ಆಗುವ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಲೆಕ್ಕ ಬರೆಯುವವಳಿಗೆ ಆ ಅಂಕಿ ಸಾಕು. ಅವಳಿಗೆ ಸಾಕಾಗಲಿಲ್ಲ, ಆ ಮಾತ್ರೆ ನುಂಗುವಾಗ ಬಸುರಿಯಾಗುವ ಹಾಗಿಲ್ಲ, ಮಗು ಬೇಕು ಅನ್ನುವ ಆಸೆ ಅದರ ಹಿಂದೆ ಇತ್ತು. ಅದು ನಾವು ನಾಲ್ಕು ಜನ ಕೂತು ತೀರ್ಮಾನ ಮಾಡುವ ವಿಷಯವಾಗಿರಲಿಲ್ಲ. ಟೀಚರ್ ಒಂದು ಸಾಲು ಬರೆದರು: "ಮಾತ್ರೆಯ ವಿಷಯ ಡಾಕ್ಟರಿಗೆ. ದಿಂಬಿನ ವಿಷಯ ನಮಗೆ." ಅವತ್ತಿನಿಂದ ಅದೇ ನಮ್ಮ ಕಾನೂನು. ಚಿಕ್ಕವಳು ಡಾಕ್ಟರ ಹತ್ತಿರ ಹೋದಳು, ಜೊತೆಗೆ ಬ್ಯಾಂಕಿನವಳು ಹೋಗಿ ಪಕ್ಕದಲ್ಲಿ ಕೂತು ನೋಟ್ಸ್ ಬರೆದುಕೊಂಡು ಬಂದಳು. ಏನು ತೀರ್ಮಾನವಾಯಿತು ಅನ್ನುವುದು ಅವಳ ಸ್ವಂತ ವಿಷಯ.

ಬ್ಯಾಂಕಿನವಳದ್ದು ಬೇರೆ ಸಂಕಟ. ಅವಳ ಸ್ತನ ಉಳಿದಿತ್ತು. ಗಡ್ಡೆ ಮಾತ್ರ ತೆಗೆದು, ಕೀಮೋ ಮುಗಿದ ಮೇಲೆ ರೇಡಿಯೇಷನ್. ಏನಾದರೂ ಹೇಳಲು ಹೊರಟರೆ, "ನಂದೇನು ಬಿಡಿ, ಸಣ್ಣದು," ಅಂತ ನಿಲ್ಲಿಸಿಬಿಡುತ್ತಿದ್ದಳು. ಅಷ್ಟು ತೆಗೆದರೆ ಸಾಕಾ, ಪೂರ್ತಿ ತೆಗೆಸಬೇಕಿತ್ತಾ ಅನ್ನುವ ಪ್ರಶ್ನೆ ಅವಳನ್ನು ರಾತ್ರಿ ತಿನ್ನುತ್ತಿತ್ತು ಅಂತ ನಮಗೆ ಗೊತ್ತಾದದ್ದು ಬಹಳ ತಡವಾಗಿ. ಅಮೆರಿಕದ ಸರ್ಜನ್ ಬರ್ನಾರ್ಡ್ ಫಿಷರ್ ಮತ್ತು ಸಂಗಡಿಗರು ಎರಡೂ ಥರದವರನ್ನು 20 ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಬದುಕುಳಿಯುವ ಲೆಕ್ಕದಲ್ಲಿ ವ್ಯತ್ಯಾಸ ಇರಲಿಲ್ಲ. ಇದನ್ನು ಅವಳಿಗೆ ಡಾಕ್ಟರು ಹೇಳಿದ್ದರಂತೆ. ನಾವು ಮಾತ್ರ ಅವಳ ಮುಂದೆ ನಮ್ಮ ಗಾಯಗಳನ್ನು ಪದಕದ ಹಾಗೆ ತೋರಿಸಿಕೊಳ್ಳುತ್ತಿದ್ದೆವು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಮುಂದೂಡುತ್ತಾ ಬಂದಿದ್ದೇನೆ.

ಕೆಂಪು ಔಷಧಿ ಮುಗಿದು, ವಾರಕ್ಕೊಂದರಂತೆ ಇನ್ನೊಂದು ಔಷಧಿ 12 ಸಲ ಆಗಿ, ರೇಡಿಯೇಷನ್ 15 ದಿನ ಮುಗಿದಾಗ ನನಗೆ ಜಗತ್ತು ಗೆದ್ದ ಹಾಗಾಗಿತ್ತು. ಚಿಕಿತ್ಸೆ ಮುಗಿಸಿದವರು ಬಾರಿಸಲಿ ಅಂತ ಅಲ್ಲಿ ಒಂದು ಗಂಟೆ ನೇತು ಹಾಕಿದ್ದರು. ಬಾರಿಸಿದೆ. ಫೋಟೋ ತೆಗೆಸಿದೆ. ಗುಂಪಿಗೆ ಹಾಕಿ ಬರೆದೆ: "ಧೈರ್ಯವಾಗಿ ಹೋರಾಡಿದ್ರೆ ಗೆಲುವು ನಮ್ದೇ. ಟೀಚರ್, ಮುಂದಿನ ಸರದಿ ನಿಮ್ದು!"

ಟೀಚರ್ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಗುಂಪು ಬಿಟ್ಟಿದ್ದರು.

ಅವರದ್ದು ನಾಲ್ಕನೇ ಹಂತ. ಮೂಳೆಗೆ ಹೋಗಿದೆ. ಅದು ನನಗೆ ಗೊತ್ತಿತ್ತು. ಮೊದಲ ವಾರವೇ ಹೇಳಿದ್ದರು. ಆದರೆ ಅದರ ಅರ್ಥ ನನ್ನ ತಲೆಯಲ್ಲಿ ಇಳಿದಿರಲಿಲ್ಲ. ಅವರ ಚಿಕಿತ್ಸೆಗೆ ಕೊನೆಯ ದಿನ ಅನ್ನುವುದು ಇಲ್ಲ. ಒಂದು ಔಷಧಿ ಕೆಲಸ ಮಾಡುವಷ್ಟು ದಿನ ಅದು, ನಿಂತಾಗ ಇನ್ನೊಂದು. ಅವರಿಗೆ ಆ ಗಂಟೆ ಬಾರಿಸುವ ಸರದಿ ಬರುವುದೇ ಇಲ್ಲ. ಮತ್ತೆ 'ಧೈರ್ಯವಿದ್ದರೆ ಗೆಲುವು' ಅಂದರೆ, ಹೋದವರಿಗೆ ಧೈರ್ಯ ಸಾಲಲಿಲ್ಲ ಅಂತಲಾ? ಇದನ್ನು ಅವರು ಕೇಳಲಿಲ್ಲ. ನಾನೇ ರಾತ್ರಿ ಕೂತು ಕೇಳಿಕೊಂಡೆ.

ಅದೇ ದಿನಗಳಲ್ಲಿ ಇನ್ನೊಂದು ಓದಿದೆ. ಡೇವಿಡ್ ಸ್ಪೀಗೆಲ್ ಅನ್ನುವ ಮನೋವೈದ್ಯರು 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ಹರಡಿದ ಹೆಂಗಸರಲ್ಲಿ, ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತಾಡಿದವರು ಉಳಿದವರಿಗಿಂತ ಸುಮಾರು ಒಂದೂವರೆ ವರ್ಷ ಹೆಚ್ಚು ಬದುಕಿದ್ದರು. ಜಗತ್ತೆಲ್ಲ ಸುದ್ದಿ. ಆಮೇಲೆ 2001ರಲ್ಲಿ ಕೆನಡಾದಲ್ಲಿ 235 ಹೆಂಗಸರ ಮೇಲೆ ಅದೇ ಪ್ರಯೋಗ ಮಾಡಿ ನೋಡಿದರೆ ಆಯಸ್ಸು ಹೆಚ್ಚಲಿಲ್ಲ. ಸ್ಪೀಗೆಲ್ ಅವರೇ 2007ರಲ್ಲಿ ಮತ್ತೆ ನೋಡಿದಾಗಲೂ ಒಟ್ಟಾರೆ ಹೆಚ್ಚಲಿಲ್ಲ. ಆದರೆ ಕೆನಡಾದವರು ಇನ್ನೊಂದನ್ನು ಕಂಡರು. ಗುಂಪಿನಲ್ಲಿ ಕೂತವರಿಗೆ, ಅದರಲ್ಲೂ ಮೊದಲೇ ತುಂಬಾ ಕುಗ್ಗಿದ್ದವರಿಗೆ, ಮನಸ್ಸು ಸ್ವಲ್ಪ ಹಗುರವಾಗಿತ್ತು. ನೋವು ಕಡಿಮೆ ಅನ್ನಿಸಿತ್ತು.

ಆಯಸ್ಸಲ್ಲ, ನೋವು. ಓದಿದಾಗ ಮೊದಲು ನಿರಾಸೆಯಾಯಿತು. ಆಮೇಲೆ ಕಂಕುಳ ಕೆಳಗಿನ ಆ ಮೊದಲ ದಿಂಬು ನೆನಪಾಯಿತು. ಅಕ್ಕ ನನ್ನ ಆಯಸ್ಸಿನ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ.

ಟೀಚರ್ ಮನೆಗೆ ಹೋದೆ. ಕ್ಷಮೆ ಕೇಳಲು ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಅವರು ಅರ್ಧಕ್ಕೇ ತಡೆದರು. "ನಿಮ್ಮ ಸಂತೋಷಕ್ಕೆ ನಾನು ಅಡ್ಡ ಬರಲ್ಲ ಕಣ್ರೀ. ಗಂಟೆ ಬಾರಿಸಿ. ನನ್ನ ಸರದಿ ಮಾತ್ರ ನೀವು ಹೇಳ್ಬೇಡಿ," ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಎಲ್ರೂ ನನ್ನ ಮುಂದೆ ಮೆಲ್ಲಗೆ ಮಾತಾಡ್ತಾರೆ. ಮಗ ಫೋನ್ ಮಾಡಿದ್ರೂ ಆಸ್ಪತ್ರೆ ಕಾರಿಡಾರ್‌ನಲ್ಲಿ ನಿಂತ ಹಾಗೆ ಮಾತಾಡ್ತಾನೆ. ನೀವಾದ್ರೂ ಜೋರಾಗಿ ಮಾತಾಡಿ."

ಅವರು ಗುಂಪಿಗೆ ವಾಪಸ್ ಬರಲಿಲ್ಲ. ನಾವು ಕರೆಯಲೂ ಇಲ್ಲ. ಮೂರು ತಿಂಗಳಿಗೊಮ್ಮೆ ಅವರಿಗೆ ಸ್ಕ್ಯಾನ್ ಇರುತ್ತದೆ, ಅದಕ್ಕೆ ನಾನು ಜೊತೆ ಹೋಗುತ್ತೇನೆ. ಸ್ಕ್ಯಾನ್‌ಗೆ ವಿಕಿರಣ ಇರುವ ಚುಚ್ಚುಮದ್ದು ಕೊಟ್ಟ ಮೇಲೆ, ಒಳಗೆ ಕರೆಯುವವರೆಗೆ, ಅವರ ಹತ್ತಿರ ಕೂರಲು ನನ್ನನ್ನು ಬಿಡುವುದಿಲ್ಲ. ಅದಕ್ಕೆ ಮುಂಚೆ ಹೊರಗೆ ಕಾಯುವುದು ಒಂದು ಗಂಟೆಯಾದರೂ ಇರುತ್ತದೆ. ಹೋದ ಸಲ ಆ ಒಂದು ಗಂಟೆಯಲ್ಲಿ ನನಗೆ ಉಲ್ಲನ್ ಹೆಣೆಯುವುದನ್ನು ಕಲಿಸಲು ಹೊರಟರು. ಆ 12 ವಾರದ ಔಷಧಿಯಿಂದ ನನ್ನ ಬೆರಳ ತುದಿಗಳು ಇನ್ನೂ ಜೋಮು ಹಿಡಿದ ಹಾಗೇ ಇವೆ. ಕಡ್ಡಿ ಹಿಡಿದದ್ದೇ ಗೊತ್ತಾಗುವುದಿಲ್ಲ. ಕುಣಿಕೆ ಜಾರಿದರೆ ಕಣ್ಣಿಗೆ ಕಂಡಾಗಲೇ ತಿಳಿಯುವುದು. ಅದನ್ನು ಹೇಳಿದೆ.

"ಹಾಗಾದ್ರೆ ನೋಡ್ಕೊಂಡು ಮಾಡಿ," ಅಂದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ದನಿ. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ನಾಲ್ಕು ಸಾಲು ಆಯಿತು. ಅವರು ಎತ್ತಿ ಬೆಳಕಿಗೆ ಹಿಡಿದು, ಎರಡನೇ ಸಾಲಿನಲ್ಲಿ ಬೆರಳಿಟ್ಟರು. ತೂತು. ಅಷ್ಟರಲ್ಲಿ ಒಳಗಿಂದ ಅವರ ಹೆಸರು ಕೂಗಿದರು. ಎದ್ದು, ಬಳೆ, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಉಂಡೆಯನ್ನೂ ನನ್ನ ಮಡಿಲಿಗೆ ಹಾಕಿದರು.

"ಅಲ್ಲಿವರೆಗೂ ಬಿಚ್ಚಿಡಿ," ಅಂದರು. "ನಾನು ಬಂದು ಎಣಿಸ್ತೀನಿ."